ಕನ್ನಡಿ ಒಯ್ದವಳಿಗೆ

ಜನವರಿ ೯

ಗುಬ್ಬಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನನ್ನ ಕೈಗೆ ಹುಳ ಬೀಳುತ್ತದೆ, ಅದಕ್ಕೇ ಬರೆಯುವುದಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು "ಚಿಕ್ಕಮ್ಮ, ಮೀಟಿಂಗಿದೆ" ಎಂದು ಕತ್ತರಿ ಹಾಕುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲಾಗದು. ಹರಿದು ಬಿಸಾಡಬಹುದು, ಆದರೆ ಹರಿಯುವ ಮುಂಚೆ ಕುತೂಹಲಕ್ಕಾದರೂ ಓದುತ್ತೀಯ. ನನ್ನನ್ನು ಹಳ್ಳಿ ಶಾಲೆಯಿಂದ ನಾಲ್ಕನೇ ಕ್ಲಾಸಿಗೇ ಬಿಡಿಸಿದರು. ಒತ್ತು, ದೀರ್ಘ ಹೆಚ್ಚುಕಡಿಮೆಯಾಗಿದ್ದರೆ ನಿನ್ನ ಆಫೀಸಿನ ಕೆಂಪು ಪೆನ್ನಿನಲ್ಲಿ ತಿದ್ದಿಕೋ.

ಭಾನುವಾರ ನೀನು ಬಂದೆ. ನಿನ್ನಮ್ಮನ ಎಡಹುಬ್ಬು ಪೂರ್ತಿ ಉದುರಿಹೋಗಿ, ಆ ಜಾಗ ಸುಟ್ಟ ಹಾಗೆ ಕೆಂಪಗಾಗಿದ್ದನ್ನು ನೋಡಿದೆ. ಏನಾಯಿತು, ಹೇಗಾಯಿತು ಎಂದು ಒಂದು ಮಾತು ಕೇಳಲಿಲ್ಲ. ಕಸದ ಕಪ್ಪು ಚೀಲ ಬಿಡಿಸಿ, ಅವಳ ಮೇಜಿನ ಮೇಲಿದ್ದದ್ದನ್ನೆಲ್ಲ ಮೊಣಕೈಯಲ್ಲಿ ಬಳಿದು ತುಂಬಿದೆ. ಪೌಡರು, ಕೋಲ್ಡ್ ಕ್ರೀಮಿನ ಟ್ಯೂಬು, ಹುಬ್ಬಿನ ಪೆನ್ಸಿಲು, ಲಿಪ್‌ಸ್ಟಿಕ್ಕು, ಅವಳು ಕೆಲಸಕ್ಕೆ ಸೇರಿದ ದಿನದಿಂದ ಇಟ್ಟುಕೊಂಡಿದ್ದ ಕಂದು ಬಾಚಣಿಗೆ. ಸಾಲದು ಎಂದು ಗೋಡೆಯ ಕನ್ನಡಿಯನ್ನೂ ಮೊಳೆಯಿಂದ ಕಿತ್ತೆ. "ಸೇಫ್ಟಿ ಚಿಕ್ಕಮ್ಮ, ಸೇಫ್ಟಿ" ಎಂದೆ. ನಾನು ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದೆ. ನನ್ನ ಬಾಯಿ ತೆರೆದಿದ್ದೂ ಮಾತು ಹೊರಡದೆ ಇದ್ದದ್ದು ಜನ್ಮದಲ್ಲಿ ಅದೊಂದೇ ಸಲ. ಆ ಬಾಕಿಯನ್ನು ಈಗ ತೀರಿಸುತ್ತಿದ್ದೇನೆ.

ಆವತ್ತಿನಿಂದ ಅಕ್ಕ ಮಾತಾಡಿಲ್ಲ. ಒಂದು ಹೂಂ ಇಲ್ಲ, ಊಹೂಂ ಇಲ್ಲ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ನೀನು ಮರೆತಿರುವ ಹಾಗಿದೆ. ಈ ಮನೆಯಲ್ಲಿ ಮರೆವಿನ ಕಾಯಿಲೆ ಒಬ್ಬಳಿಗೇ ಇರುವುದು ಎಂದುಕೊಂಡಿದ್ದೆ. ನಿನ್ನಮ್ಮ ರಿಟೈರಾಗುವ ತನಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು "ಯಾವ ನಂಬರ್ ಬೇಕು" ಎಂದು ಕೇಳಿದವಳು. ಅವಳ ಮುಖ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಕ್ರೀಮು, ಪೌಡರು, ಹುಬ್ಬು, ಬಾಚಣಿಗೆ, ಕಡೆಗೆ ತುಟಿ. ತುಟಿಗೆ ಬಣ್ಣ ಬೀಳುವ ತನಕ ಮನೆಯಲ್ಲಿ ಯಾರು ಕರೆದರೂ "ಒಂದು ನಿಮಿಷ" ಎನ್ನುವುದು ಬಿಟ್ಟರೆ ಮಾತಿಲ್ಲ. "ಮುಖ ಇಲ್ದೆ ದನಿ ಎಲ್ಲಿಂದ ತರಲೇ?" ಎನ್ನುತ್ತಿದ್ದಳು. ನನಗೆ ಈ ಬಣ್ಣ ಬಳಿದುಕೊಳ್ಳುವುದು ಆಗಲೂ ಹಿಡಿಸುತ್ತಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ನನ್ನ ಮುಖ ಪೌಡರು ಕಂಡದ್ದಿಲ್ಲ. ಆದರೆ ಅದು ಅವಳ ಅಭ್ಯಾಸ. ತಲೆಯಲ್ಲಿ ಎಲ್ಲ ಅಳಿಸಿಹೋದರೂ ಇದೊಂದು ಅವಳ ಕೈಯಲ್ಲಿ ಉಳಿದಿತ್ತು. ನೀನು ಬಂದು ಕೈಯಿಂದಲೂ ಕಿತ್ತುಕೊಂಡೆ.

ಈಗ ಬೆಳಿಗ್ಗೆ ಎದ್ದು ಆ ಖಾಲಿ ಮೇಜಿನ ಮುಂದೆ ಹೋಗಿ ಕೂರುತ್ತಾಳೆ. ಡ್ರಾಯರು ಎಳೆಯುತ್ತಾಳೆ, ಮುಚ್ಚುತ್ತಾಳೆ. ಗೋಡೆಯಲ್ಲಿ ಕನ್ನಡಿಯ ಆಕಾರಕ್ಕೆ ಬಿಳಿಯಾಗಿ ಉಳಿದ ಜಾಗವನ್ನು ನೋಡುತ್ತಾಳೆ. ಬ್ರೆಡ್ಡು ಕೊಟ್ಟರೆ ಮಧ್ಯದ ಮೆತ್ತನೆಯದನ್ನು ತಿಂದು ಅಂಚನ್ನು ಉಗಿಯುತ್ತಾಳೆ.

ಚೀಲ ವಾಪಸು ಕಳಿಸು.

ಸಿಟ್ಟಿನಿಂದ,
ನಿನ್ನ ಚಿಕ್ಕಮ್ಮ

ಜನವರಿ ೧೯

ಚಿಕ್ಕಮ್ಮನಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನಿಮ್ಮ ಬೈಗುಳ ನನಗೆ ಹೊಸದಲ್ಲ, ಬೇಸರವಿಲ್ಲ. ನನ್ನ ಮಾತನ್ನೂ ಒಮ್ಮೆ ಕೇಳಿ.

ನವೆಂಬರಿನಲ್ಲಿ ಅಮ್ಮ ಲಿಪ್‌ಸ್ಟಿಕ್ ಕಚ್ಚಿ ತಿಂದಿದ್ದಳು. ಡಿಸೆಂಬರಿನಲ್ಲಿ ಉಗುರುಬಣ್ಣ ಅಳಿಸುವ ದ್ರವವನ್ನು ನೀರೆಂದು ಬಾಯಿಯ ತನಕ ಎತ್ತಿದ್ದಳು, ನೀವೇ ಕಸಿದುಕೊಂಡಿರಿ. ಈಗ ಯಾವುದೋ ಹಚ್ಚಿಕೊಂಡು ಹುಬ್ಬು ಹೋಯಿತು. ಮುಂದಿನದು ಕಣ್ಣು. ನಾನು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಅಪಾಯದ ವಸ್ತುವನ್ನು ಮೊದಲು ಆ ಜಾಗದಿಂದ ತೆಗೆಯಬೇಕು, ಚರ್ಚೆ ಆಮೇಲೆ. ಆ ಚೀಲವನ್ನು ಎಸೆದಾಯಿತು.

ಅಮ್ಮ ಮಾತು ನಿಲ್ಲಿಸಿದ್ದಕ್ಕೆ ಕಾರಣ ಕಾಯಿಲೆ, ಚೀಲವಲ್ಲ. ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ತನಗೆ ಏನು ಬೇಕು, ಎಲ್ಲಿ ನೋವು ಎಂದು ಹೇಳಲಾರದವಳನ್ನು ನಿಮ್ಮೊಬ್ಬರ ಮೇಲೆ ಬಿಡುವುದು ನಿಮಗೂ ನ್ಯಾಯವಲ್ಲ. ಇಲ್ಲಿಯ ಒಂದು ಆರೈಕೆ ಮನೆಯಲ್ಲಿ ಮಾತಾಡಿದ್ದೇನೆ. ಏಪ್ರಿಲಿನಲ್ಲಿ ಅವರ ಡಾಕ್ಟರು ಬಂದು ಅಮ್ಮನನ್ನು ನೋಡುತ್ತಾರೆ. ಅವರು ಒಪ್ಪಿದರೆ ಮೇ ತಿಂಗಳಲ್ಲಿ ಕರೆದುಕೊಂಡು ಹೋಗುವುದು. ಸ್ವಚ್ಛವಾದ ಜಾಗ. ತೊಳೆಯಲು ಸುಲಭವೆಂದು ಎಲ್ಲರ ಕೂದಲನ್ನೂ ಚಿಕ್ಕದಾಗಿ ಕತ್ತರಿಸುತ್ತಾರೆ. ಅಷ್ಟೇ.

ಅಮ್ಮನ ಕೈಗೆ ಕೆಲಸ ಬೇಕಲ್ಲ ಎಂದು ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಅದರಲ್ಲಿ ಅಪಾಯದ್ದು ಏನೂ ಇಲ್ಲ.

ಇತಿ,
ಗುಬ್ಬಿ

ಫೆಬ್ರವರಿ ೨

ಸೇಫ್ಟಿ ಆಫೀಸರವರ ದಿವ್ಯ ಸನ್ನಿಧಿಗೆ,

ನಿಮ್ಮ ಪೆಟ್ಟಿಗೆ ಬಂತು. ಮುಚ್ಚಳದ ಮೇಲೆ ತುಟಿಗೆ ಬಣ್ಣ ಹಚ್ಚಿಕೊಂಡ ಕರಡಿಮರಿ. ಪಕ್ಕದಲ್ಲಿ "ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ" ಎಂದು ಅಚ್ಚು ಹಾಕಿದ್ದಾರೆ. ಮೂರು ವರ್ಷ ಮೇಲ್ಪಟ್ಟಿದ್ದಾಳೆ, ಅದೊಂದು ಸರಿಯಾಗಿದೆ. ಅಕ್ಕ ಮುಚ್ಚಳ ತೆಗೆದಳು, ಮುಚ್ಚಿದಳು, ಯಾರೋ ಉಂಡು ಬಿಟ್ಟ ತಟ್ಟೆಯನ್ನು ಸರಿಸುವ ಹಾಗೆ ಒಂದು ಬೆರಳಿನಲ್ಲಿ ಆಚೆ ತಳ್ಳಿದಳು. ಮಾತಿಲ್ಲ, ಆದರೆ ಮರ್ಯಾದೆ ಇನ್ನೂ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕುಳಿತುಕೊಂಡು ಓದು.

ಹೋದ ವಾರ ಬಚ್ಚಲುಮನೆ ತೊಳೆಯುವಾಗ ಬಕೆಟ್ಟಿನ ಹಿಂದೆ ಒಂದು ಟ್ಯೂಬು ಸಿಕ್ಕಿತು. ಬಿಳಿ ಟ್ಯೂಬು, ನೀಲಿ ಮುಚ್ಚಳ, ಥೇಟು ಅಕ್ಕನ ಕೋಲ್ಡ್ ಕ್ರೀಮಿನ ಹಾಗೆ. ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿದೆ. ಕೂದಲು ತೆಗೆಯುವ ಕ್ರೀಮು! ಅಕ್ಕನಿಗೆ ಅಂಥದ್ದು ಗೊತ್ತಿಲ್ಲ. ನನಗೆ ಬೇಕಿಲ್ಲ. ಡಿಸೆಂಬರಿನ ರಜಕ್ಕೆ ಬಂದು ಆ ಬಚ್ಚಲಿನಲ್ಲಿ ಗಂಟೆಗಟ್ಟಲೆ ಬಾಗಿಲು ಹಾಕಿಕೊಂಡಿದ್ದವರು ಯಾರಮ್ಮ?

ನಿನ್ನ ಕಾಲಿಗೆ ಹಚ್ಚುವುದನ್ನು ಅವಳು ಮುಖಕ್ಕೆ ಹಚ್ಚಿದಳು. ಕ್ರೀಮು ಎಂದು ನಂಬಿ ಹಚ್ಚಿದಳು. ನೀನು ಅಪಾಯವನ್ನು ಶೆಲ್ಫಿನ ಮೇಲೆ ಮರೆತು ಹೋಗಿ, ವಾಪಸು ಬಂದು ಅವಳ ಬಾಚಣಿಗೆಯನ್ನು ಜಪ್ತಿ ಮಾಡಿದೆ. ನಿಮ್ಮ ಕಾರ್ಖಾನೆಯಲ್ಲಿ ಇಂಥದ್ದಕ್ಕೆ ಯಾರ ಸಂಬಳ ಹಿಡಿಯುತ್ತಾರೆ?

ಟ್ಯೂಬು ನೋಡಿದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ ನಾನೂ ಒಂದು ಎಡವಟ್ಟು ಮಾಡಿದೆ, ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳು. ಅಕ್ಕ ಹಗಲೆಲ್ಲ ಆ ಬೋಳು ಜಾಗವನ್ನು ಬೆರಳಿನಲ್ಲಿ ಹುಡುಕಿ ಹುಡುಕಿ ಉಜ್ಜುತ್ತಿದ್ದಳು. ನೋಡಲಾಗಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿಗಳ ಮೇಲೆ ಬರೆಯುವ ಸ್ಕೆಚ್ ಪೆನ್ನು ಇತ್ತು. ಅದರಲ್ಲೇ ಒಂದು ಹುಬ್ಬು ಎಳೆದೆ. ನನ್ನ ಕೈ ಮೇಲಕ್ಕೆ ಹೋಯಿತು. ಈಗ ಮನೆಗೆ ಹಾಲು ತಂದವನನ್ನೂ, ಪೇಪರಿನವನನ್ನೂ "ನಿನ್ನ ಕಳ್ಳತನವೆಲ್ಲ ಗೊತ್ತು" ಎನ್ನುವ ಹಾಗೆ ನೋಡುತ್ತಾಳೆ. ತೊಳೆದರೆ ಹೋಗಲೊಲ್ಲದು. ಚರ್ಮ ಮತ್ತೆ ಕೆಂಪಾಯಿತು.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆತ ಹುಬ್ಬು ನೋಡಿ, "ಇದನ್ನ ಬರೆದೋರು ಯಾರು?" ಎಂದ.

"ನಾನೇ. ಯಾಕೆ, ಅಕ್ಷರ ಚೆನ್ನಾಗಿಲ್ವಾ?"

ನಕ್ಕು ಆಮೇಲೆ ಚೆನ್ನಾಗಿ ಉಗಿದ. ಉಗಿಸಿಕೊಂಡೆ. ಉಗಿಸಿಕೊಂಡ ಮೇಲೆ ಸುಮ್ಮನೆ ಬರಲಿಲ್ಲ, ಕುರ್ಚಿ ಎಳೆದುಕೊಂಡು ಕೂತು ಕೇಳಿದೆ: "ಎಲ್ಲಾನೂ ಕಿತ್ತಿಟ್ಕೋಬೇಕಾ, ಇಲ್ಲಾ ದಾರಿ ಏನಾದ್ರೂ ಇದೆಯಾ?" ಇದೆಯಂತೆ. ಏನೆಂದು ನಿನಗೆ ಹೇಳುವುದಿಲ್ಲ. ನಿನಗೆ ಕರಡಿಮರಿ ಸಾಕು.

ಕೆಂಡದಂತಿರುವ,
ನಿನ್ನ ಚಿಕ್ಕಮ್ಮ

ಫೆಬ್ರವರಿ ೨೬

ಗುಬ್ಬಿಗೆ,

ಉತ್ತರವಿಲ್ಲ. ಟ್ಯೂಬು ನಿನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿರಬೇಕು. ಇರಲಿ. ಹೇಳುವುದಿಲ್ಲ ಎಂದಿದ್ದೆ, ಹೇಳದೆ ಇರಲು ಹೊಟ್ಟೆ ಕೇಳುತ್ತಿಲ್ಲ.

ಮೊದಲು ಮನೆಯನ್ನು ಜಾಲಾಡಿದೆ. ಉಗುರುಬಣ್ಣ, ಅದನ್ನು ಅಳಿಸುವ ನೀರು, ಕೂದಲಿಗೆ ಹಚ್ಚುವ ಕಪ್ಪು, ಸೆಂಟಿನ ಶೀಶೆ, ಚಿಮುಟ, ಕತ್ತರಿ, ಎಲ್ಲಾ ಬೀರುವಿನೊಳಗೆ. ಬೀಗದ ಕೈ ನನ್ನ ಕೊರಳಿನ ದಾರದಲ್ಲಿ. ಅಕ್ಕ ಅದನ್ನು ಹಾರ ಎಂದುಕೊಂಡಿದ್ದಾಳೆ, ಆಗಾಗ ಮುಟ್ಟಿ ನೋಡುತ್ತಾಳೆ. ಉಗುರಿಗೆ ಕತ್ತರಿಯ ಬದಲು ಮೆತ್ತನೆಯ ಅರ. ಆಮೇಲೆ ಅಂಗಡಿಗೆ ಹೋಗಿ ಹೊಸ ಸಾಮಾನು ತಂದೆ. ವಾಸನೆ ಇಲ್ಲದ ಕ್ರೀಮು, ಕಣ್ಣಿನ ಹತ್ತಿರ ಹೋದರೂ ಉರಿಯದ್ದು. ಮೊದಲು ಮೊಣಕೈ ಒಳಗಡೆ ಹಚ್ಚಿ ಮಾರನೆಯ ದಿನದ ತನಕ ಕಾದೆ. ತುಟಿಗೆ ಒಂದು ಮುಲಾಮು, ಬಣ್ಣದ್ದು, ನೆಕ್ಕಿದರೆ ಪ್ರಾಣ ಹೋಗುವುದಿಲ್ಲ ಎಂದು ಡಾಕ್ಟರಿಗೆ ತೋರಿಸಿಯೇ ತಂದದ್ದು. ಹಚ್ಚಿದ ತಕ್ಷಣ ಕೈಯಿಂದ ವಾಪಸು. ಕಾಡಿಗೆ ಇಲ್ಲವೇ ಇಲ್ಲ, ಅವಳ ಕೈ ಕಣ್ಣಿಗೇ ಚುಚ್ಚೀತು.

ಮೊದಲ ದಿನ ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು ಮುಂದಿಟ್ಟೆ. ಕ್ರೀಮನ್ನು ಕೂದಲಿಗೆ ಹಚ್ಚಿದಳು, ತುಟಿಯ ಬಣ್ಣದಲ್ಲಿ ಹುಬ್ಬು ಬರೆದಳು, ಕಡೆಗೆ ತಟ್ಟೆಯನ್ನೇ ಎತ್ತಿ ನನ್ನ ಕಡೆ ಎಸೆದಳು. ನಾನೂ ಕಿರುಚಿದೆ. ಇಬ್ಬರೂ ಆಚೀಚೆ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತೆವು, ಚಿಕ್ಕವರಿದ್ದಾಗಿನ ಹಾಗೆ.

ಮಾರನೆಯ ದಿನ ಒಂದೊಂದಾಗಿ ಕೊಟ್ಟೆ. ಒಂದನ್ನು ವಾಪಸು ತೆಗೆದುಕೊಂಡ ಮೇಲೆ ಇನ್ನೊಂದು. ಕೈಗೆ ಕ್ರೀಮು ಹಾಕಿದರೆ ಅಂಗೈ ನೋಡುತ್ತಾ ಕೂತಳು. ಎಲ್ಲಿಗೆ ಹಚ್ಚಬೇಕೆಂದು ಗೊತ್ತಾಗಲಿಲ್ಲ. ಕನ್ನಡಿ ಇಲ್ಲವಲ್ಲ! ಒಂದು ಚಿಕ್ಕ ಕನ್ನಡಿ ತಂದು ಹಿಡಿದೆ. ಅದರೊಳಗಿನ ಮುದುಕಿಯನ್ನು ನೋಡಿ ಹೆದರಿ ಹಿಂದೆ ಸರಿದಳು. ಅವಳು ನೆನಪಿಟ್ಟುಕೊಂಡಿರುವ ಮುಖ ಅದಲ್ಲ, ಪಾಪ.

ಆಗ ನಾನೇನು ಮಾಡಿದೆ ಗೊತ್ತೇ? ಅವಳೆದುರು ಸ್ಟೂಲು ಹಾಕಿಕೊಂಡು ಕೂತು ಕ್ರೀಮನ್ನು ನನ್ನ ಕೆನ್ನೆಗೇ ಹಚ್ಚಿಕೊಂಡೆ. ನಾನು ಬಲಗೆನ್ನೆ ಸವರಿದರೆ ಅವಳು ಎಡಗೆನ್ನೆ ಸವರಿದಳು. ನಾನು ಪೌಡರು ತಟ್ಟಿಕೊಂಡರೆ ಅವಳೂ ತಟ್ಟಿಕೊಂಡಳು. ಕನ್ನಡಿ ನೀನು ಒಯ್ದೆ, ಈಗ ನಾನೇ ಕನ್ನಡಿ. ಹೋದ ಹುಬ್ಬನ್ನು ಮಾತ್ರ ಮೆತ್ತನೆಯ ಪೆನ್ಸಿಲಿನಲ್ಲಿ ನಾನು ಬರೆಯುತ್ತೇನೆ, ಈಗ ಕೈ ಕೂತಿದೆ, ಅನುಮಾನದ ಮುಖ ಹೋಗಿದೆ.

ಹೀಗಾಗಿ ಜನ್ಮದಲ್ಲಿ ಪೌಡರು ಕಾಣದ ಈ ಮುಖ ದಿನಾ ಬೆಳಿಗ್ಗೆ ತುಟಿಗೆ ಬಣ್ಣ ಹಚ್ಚಿಕೊಂಡು ಕೂರುತ್ತದೆ. ಮೊನ್ನೆ ಒರೆಸಿಕೊಳ್ಳುವುದನ್ನು ಮರೆತು ಕೆಳಗಿಳಿದೆ. ಇಸ್ತ್ರಿ ಅಂಗಡಿಯವನು ಹಲ್ಲು ಕಿರಿದು, "ಏನಜ್ಜಿ, ಜೋರಾಗಿದೀರಾ, ಎಲ್ಲಿಗೆ ಸವಾರಿ?" ಎಂದ.

"ನಿನ್ನ ನಾಲಿಗೆಗೆ ಇಸ್ತ್ರಿ ಹಾಕೋಕೆ" ಎಂದೆ.

ಮಾತು ಇನ್ನೂ ಬಂದಿಲ್ಲ. ಆದರೆ ನಿನ್ನೆ ತುಟಿ ಮುಗಿದ ಮೇಲೆ ಕೂದಲನ್ನು ಕಿವಿಯ ಹಿಂದೆ ಸರಿಸಿ, ಹೆಡ್‌ಫೋನು ಸಿಕ್ಕಿಸಿಕೊಳ್ಳುವ ಹಾಗೆ ಕೈ ಎತ್ತಿ, ನೆಟ್ಟಗೆ ಕೂತಳು. ಅಷ್ಟಕ್ಕೇ ನಿಂತಿತು.

ಬರೆಯದಿದ್ದರೂ ಓದುತ್ತೀಯ, ಗೊತ್ತು.

ನಿನ್ನ ಚಿಕ್ಕಮ್ಮ

ಮಾರ್ಚ್ ೧೪

ಚಿಕ್ಕಮ್ಮ,

ಟ್ಯೂಬು ನನ್ನದೇ. ಬರೆದಿದ್ದೇನೆ, ಈಗ ನಿಮಗೆ ಸಮಾಧಾನವಾಯಿತೇ?

ಆದರೆ ನೀವು ಆ ಮೇಜಿನ ಮುಂದೆ ದಿನಾ ಕೂತು, ಅದೇನೋ ದೊಡ್ಡ ಪೂಜೆ ಎನ್ನುವ ಹಾಗೆ ಬರೆಯುವುದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ನಿಮಗೆ ಆ ಮೇಜು ಗೊತ್ತಿರುವುದು ಈಗ. ನಾನು ಅದರ ಪಕ್ಕದಲ್ಲಿ ಬೆಳೆದವಳು. ಒಂಬತ್ತು ವರ್ಷದವಳಿದ್ದಾಗ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡು ಬಂದೆ. ಮೊಣಕೈ ಕೆಳಗೆ ನೇತಾಡುತ್ತಿತ್ತು. ಅಮ್ಮ ನೋಡಿದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಒಂದು ನಿಮಿಷ" ಎಂದಳು. ಆಮೇಲೆ ಕನ್ನಡಿ ಮುಂದೆ ಕೂತು ಮುಖ ಮಾಡಿಕೊಂಡಳು. ಕ್ರೀಮು, ಪೌಡರು, ಹುಬ್ಬು, ತುಟಿ. ಯಾವುದನ್ನೂ ಬಿಡಲಿಲ್ಲ. ನಾನು ಅಳುತ್ತಿದ್ದೆ, ಅವಳು ಕನ್ನಡಿಯೊಳಗಿಂದಲೂ ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ "ಎಷ್ಟು ಚೆನ್ನಾಗಿ ಮಾತಾಡ್ತಾರೆ ನಿಮ್ಮಮ್ಮ" ಎಂದರು.

ಅವಳಿಗೆ ಆ ಮೇಜು ಮೊದಲು, ನಾನು ಆಮೇಲೆ. ಈಗ ನನ್ನ ಹೆಸರು ಮರೆತಿದೆ, ತುಟಿಯ ಬಣ್ಣ ನೆನಪಿದೆ. ನೀವು ಅದನ್ನು ಸಂಭ್ರಮಿಸಿ. ನನ್ನಿಂದಾಗದು.

ಆರೈಕೆ ಮನೆಯ ಡಾಕ್ಟರು ಏಪ್ರಿಲ್ ೨೦ಕ್ಕೆ ಹನ್ನೊಂದು ಗಂಟೆಗೆ ಬರುತ್ತಾರೆ. ನಾನು ಬರುವುದಿಲ್ಲ. ಅಮ್ಮ ತನ್ನ ಬೇಕುಬೇಡ ಹೇಳಿಕೊಳ್ಳಬಲ್ಲಳೇ ಎಂದು ಅವರು ನೋಡುತ್ತಾರೆ. ಇಲ್ಲದಿದ್ದರೆ ಮೇ ತಿಂಗಳಿಗೆ ಹಾಸಿಗೆ ಸಿದ್ಧವಿದೆ. ದಯವಿಟ್ಟು ಜಗಳ ಮಾಡಬೇಡಿ.

ಗುಬ್ಬಿ

ಮಾರ್ಚ್ ೨೩

ಗುಬ್ಬಿ,

ನಿನ್ನ ಕಾಗದವನ್ನು ನಾಲ್ಕೈದು ಸಲ ಓದಿದೆ. ನಿನ್ನನ್ನು ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಬಂದಿದ್ದರೂ ಮಾಡುತ್ತಿರಲಿಲ್ಲ. ಕೈ ಮುರಿದ ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ ಮುಖಕ್ಕೆ ಪೌಡರು ಹಚ್ಚಿದವಳ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಆವತ್ತು ನಾನಿದ್ದಿದ್ದರೆ ಆ ಪೌಡರಿನ ಡಬ್ಬಿಯಿಂದಲೇ ಅವಳ ತಲೆಗೆ ಬಾರಿಸುತ್ತಿದ್ದೆ.

ನಿನಗೆ ಸಿಟ್ಟಿದೆ. ಇರಲಿ, ಅದು ನಿನ್ನ ಹಕ್ಕು. ಆದರೆ ಆ ಸಿಟ್ಟನ್ನು ಅವಳಿಗೆ ಬುದ್ಧಿ ನೆಟ್ಟಗಿದ್ದಾಗ ಅವಳೆದುರು ನಿಂತು ಹೇಳಬೇಕಿತ್ತು. ಆಗ "ಇರಲಿ ಬಿಡಮ್ಮ" ಎಂದು ನೀನು ನಗುತ್ತಾ ಇದ್ದೆ. ಈಗ ಯಾರ ಮೇಲೆ ತೀರಿಸಿಕೊಳ್ಳುತ್ತೀಯ? ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿದ ಹೆಂಗಸು ಈ ಮನೆಯಲ್ಲಿಲ್ಲ. ಇಲ್ಲಿರುವವಳು ಹಾಸಿಗೆಯಿಂದ ಎದ್ದು ಚಪ್ಪಲಿಯನ್ನು ಕೈಗೆ ಹಾಕಿಕೊಳ್ಳುವವಳು. ಅವಳ ಮುಖ ಕಿತ್ತುಕೊಂಡು ಅದಕ್ಕೆ ಸೇಫ್ಟಿ ಎಂದು ಹೆಸರಿಟ್ಟೆಯಲ್ಲ, ಅದಕ್ಕೆ ನನಗೆ ಸಿಟ್ಟು. ಸೇಡು ಎಂದಿದ್ದರೆ ಒಪ್ಪುತ್ತಿದ್ದೆ. ಅದರಲ್ಲಿ ಪ್ರಾಮಾಣಿಕತೆಯಾದರೂ ಇರುತ್ತಿತ್ತು.

ನಿನ್ನ ಡಾಕ್ಟರು ಬರಲಿ. ಜಗಳ ಮಾಡಬೇಡಿ ಎಂದಿದ್ದೀಯ. ನೋಡೋಣ.

ನಿನ್ನ ಚಿಕ್ಕಮ್ಮ

ಏಪ್ರಿಲ್ ೨೧

ಗುಬ್ಬಿಗೆ,

ಜಗಳ ಮಾಡಿದೆ.

ಹನ್ನೊಂದಕ್ಕೆ ಎಂದಿದ್ದವರು ಒಂಬತ್ತಕ್ಕೇ ಬಂದು ಬಾಗಿಲು ಬಡಿದರು. ಡಾಕ್ಟರು ಒಬ್ಬ, ಜೊತೆಗೆ ಮೇಟ್ರನ್ ಒಬ್ಬಳು, ಬಿಳಿ ಬಟ್ಟೆ, ಬೂಟು. ಅಕ್ಕ ಆಗಷ್ಟೇ ಮುಖ ತೊಳೆದುಕೊಂಡು ಬಂದು ಮೇಜಿನ ಮುಂದೆ ಕೂತಿದ್ದಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ಡಾಕ್ಟರು ಅವಳೆದುರು ಬಾಗಿ, ಕಿವುಡರೊಡನೆ ಮಾತಾಡುವ ಹಾಗೆ, "ಅಮ್ಮಾ, ನಿಮ್ಮ ಹೆಸರೇನು?" ಎಂದು ಕೂಗಿದ. ಅಕ್ಕ ಗೋಡೆಯ ಬಿಳಿ ಜಾಗವನ್ನು ನೋಡಿದಳು. "ಮಕ್ಕಳೆಷ್ಟು?" ಎಂದ. ಅದಕ್ಕೂ ಇಲ್ಲ. ಆತ ಹಾಳೆಯಲ್ಲಿ ಏನೋ ಗೀಚಲು ಶುರು ಮಾಡಿದ. ಮೇಟ್ರನ್ ಅಕ್ಕನ ಜಡೆ ಎತ್ತಿ ತೂಕ ನೋಡಿ, "ಇದನ್ನ ಕತ್ತರಿಸಿಬಿಟ್ರೆ ತಲೆನೋವಿಲ್ಲ" ಎಂದಳು.

"ಮೊದಲು ಕೈ ತೆಗಿಯಮ್ಮ" ಎಂದೆ. "ತಲೆ ಅವಳದು, ನೋವು ನಿನಗ್ಯಾಕೆ?"

ಡಾಕ್ಟರ ಕಡೆ ತಿರುಗಿದೆ. "ನೀವು ಪೆನ್ನು ಕೆಳಗಿಡಿ. ನಿಮ್ಮನ್ನ ಬಚ್ಚಲುಮನೆಯಿಂದ ಹಾಗೇ ಎಳ್ಕೊಂಡು ಬಂದು ಪರೀಕ್ಷೆಗೆ ಕೂರಿಸಿದ್ರೆ ಪಾಸಾಗ್ತಿದ್ರಾ?"

"ಅಜ್ಜಿ, ನಮಗೆ ಇನ್ನೂ ಎರಡು ಕಡೆ ಹೋಗೋದಿದೆ."

"ಹೋಗಿ. ಹನ್ನೊಂದಕ್ಕೆ ಬನ್ನಿ. ಇಲ್ಲಾ ಅಲ್ಲಿ ಕುರ್ಚಿ ಇದೆ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಇವಳ ಕೆಲಸದ ಟೈಮು ಇದು."

ಬಾಗಿಲಿಗೆ ಅಡ್ಡ ನಿಂತಿದ್ದೆ, ಹೋಗಲು ಜಾಗವಿರಲಿಲ್ಲ. ಕೂತರು.

ಬೀರು ತೆಗೆದೆ. ಇಷ್ಟು ವಾರದಲ್ಲಿ ಒಂದು ದಿನವೂ ಅವಳು ಬಾಯಿ ಬಿಟ್ಟಿರಲಿಲ್ಲ. ಇವತ್ತೂ ಬಿಡದಿದ್ದರೆ ನೀನು ಗೆದ್ದೆ, ಮೇ ತಿಂಗಳಿಗೆ ಆ ಜಡೆ ಯಾವುದೋ ಕಸದ ಬುಟ್ಟಿಗೆ. ಅವಳೆದುರು ಕೂತು ಕ್ರೀಮು ಹಚ್ಚಿಕೊಂಡೆ. ಹಚ್ಚಿದಳು. ಪೌಡರು. ಹುಬ್ಬು ಬರೆದೆ. ಕೂದಲು ಒರೆಸಿ ಬಾಚಣಿಗೆ ಕೊಟ್ಟೆ, ಬಾಚಿಕೊಂಡಳು. ಹಿಂದಿನಿಂದ ಮೇಟ್ರನ್ ಕಿಸಕ್ಕೆಂದಳು, ಇಬ್ಬರು ಮುದುಕಿಯರು ಮದುವೆಗೆ ಹೊರಟ ಹಾಗಿದ್ದೆವೋ ಏನೋ. ಕಡೆಗೆ ತುಟಿ. ಅಕ್ಕ ಎರಡೂ ತುಟಿ ಕೂಡಿಸಿ ಒತ್ತಿದಳು, ಬಣ್ಣವನ್ನು ನನ್ನ ಕೈಗೆ ವಾಪಸು ಕೊಟ್ಟಳು, ಕೂದಲು ಕಿವಿಯ ಹಿಂದೆ ಸರಿಸಿದಳು, ಬೆನ್ನು ನೆಟ್ಟಗೆ ಮಾಡಿದಳು. ಕುರ್ಚಿಯಲ್ಲಿದ್ದ ಡಾಕ್ಟರ ಕಡೆ ತಿರುಗಿದಳು.

"ನಮಸ್ಕಾರ. ಯಾವ ನಂಬರ್ ಬೇಕು?"

ಗುಬ್ಬಿ, ಅದೇ ದನಿ. ಒಂದು ಎಳೆಯೂ ಸವೆದಿಲ್ಲ.

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಇವತ್ತು ಯಾವ ವಾರ ಅಮ್ಮಾ?"

"ಆ ಲೈನು ಸಿಗ್ತಾ ಇಲ್ಲ."

"ಯಾವ ಊರಲ್ಲಿದ್ದೀರಿ?"

"ಎಂಗೇಜ್ ಬರ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ."

"ನಿಮಗೆ ಮಗಳಿದಾಳಾ?"

ನಿನಗೆ ಸಿಹಿಸುದ್ದಿ ಬರೆಯಬಹುದಿತ್ತು, ಬರೆಯುವುದಿಲ್ಲ. "ಆ ನಂಬರ್ ನನ್ನ ಹತ್ರ ಇಲ್ಲ" ಎಂದಳು.

ಆತ ಹಾಳೆಯ ಮೇಲೆ ಸೊನ್ನೆ ಮೇಲೆ ಸೊನ್ನೆ ಹಾಕುತ್ತಿದ್ದ. ಕೊನೆಗೆ ಏನೋ ಕೇಳಬೇಕಲ್ಲ ಎನ್ನುವ ಹಾಗೆ ತಲೆ ಎತ್ತದೆಯೇ, "ಎಲ್ಲಾದ್ರೂ ನೋವಿದೆಯಾ ಅಮ್ಮಾ?" ಎಂದ.

"ಒಂದು ನಿಮಿಷ, ಲೈನಿನಲ್ಲಿರಿ" ಎಂದಳು. ಕಣ್ಣು ಮುಚ್ಚಿದಳು. ಎಲ್ಲೋ ದೂರದ ಊರಿಗೆ ಕರೆ ಹಾಕುವ ಹಾಗೆ ತಡೆದಳು. ಆಮೇಲೆ ಬಲಗಡೆ ದವಡೆಯ ಮೇಲೆ ಒಂದು ಬೆರಳಿಟ್ಟಳು. "ಇಲ್ಲಿ. ಕೆಳಗಿನ ಹಲ್ಲು. ಗಟ್ಟಿದು ಕಚ್ಚಿದ್ರೆ ಜೀವ ಹೋಗತ್ತೆ. ಯಾರೂ ಕೇಳಲಿಲ್ಲ."

ಡಾಕ್ಟರು ಟಾರ್ಚು ಹಾಕಿ ನೋಡಿದ. ಒಸಡು ಊದಿಕೊಂಡು ಕೀವು ಕಟ್ಟಿತ್ತು. ಅವಳು ಉಗಿಯುತ್ತಿದ್ದ ಬ್ರೆಡ್ಡಿನ ಅಂಚು, ಗುಬ್ಬಿ!  ಕಾಯಿಲೆ ಎಂದು ನೀನೆಂದೆ, ಹಟ ಎಂದು ನಾನೆಂದೆ. ತಿಂಗಳುಗಟ್ಟಲೆ ಆ ನೋವನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಳು, ಹೇಳಲು ಮುಖವಿಲ್ಲದೆ. ನನಗೆ ಆ ಡಾಕ್ಟರ ಮೇಲೆ, ನಿನ್ನ ಮೇಲೆ, ನನ್ನ ಮೇಲೆ ಒಟ್ಟಿಗೇ ಎಷ್ಟು ಸಿಟ್ಟು ಬಂತೆಂದರೆ ಅಡುಗೆಮನೆಗೆ ಹೋಗಿ ಒಂದು ಪಾತ್ರೆ ಎತ್ತಿ ಕುಕ್ಕಿದೆ. ತಳ ಚಪ್ಪಟೆಯಾಯಿತು.

ಡಾಕ್ಟರು ಹೊರಡುವಾಗ, "ತನ್ನ ನೋವು ತಾನೇ ಹೇಳ್ಕೊಳ್ಳೋರನ್ನ ಈಗಲೇ ಕರ್ಕೊಂಡು ಹೋಗೋ ಅಗತ್ಯ ಇಲ್ಲ. ಆರು ತಿಂಗಳು ಬಿಟ್ಟು ನೋಡೋಣ" ಎಂದ. ಮುಂದೆ ಯಾವತ್ತೋ ಒಂದು ದಿನ ತುಟಿಗೆ ಬಣ್ಣ ಹಚ್ಚಿದರೂ ಲೈನು ಸಿಗುವುದಿಲ್ಲ. ಅದು ನನಗೂ ಗೊತ್ತು, ನಾನು ದಡ್ಡಿಯಲ್ಲ. ಆವತ್ತು ಅವಳು ಹೋಗುವುದಾದರೆ ಜಡೆ ಸಮೇತ ಹೋಗುತ್ತಾಳೆ. ಅದನ್ನು ನಿನ್ನ ಮೇಟ್ರನ್ನಿಗೆ ಹೇಳಿಯೇ ಕಳಿಸಿದ್ದೇನೆ.

ನಾಡಿದ್ದು ಹಲ್ಲು ಕೀಳಿಸುತ್ತೇವೆ.

ನಿನ್ನ ಚಿಕ್ಕಮ್ಮ

ಮೇ ೪

ಚಿಕ್ಕಮ್ಮ,

ಹಲ್ಲಿನ ವಿಷಯ ಓದಿದ ಮೇಲೆ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನವಾಯಿತು. ಹಾಸಿಗೆ ಬೇಡವೆಂದು ಅವರಿಗೆ ಹೇಳಿದ್ದೇನೆ.

ಚೀಲ ಎಸೆದೆ ಎಂದಿದ್ದು ಸುಳ್ಳು. ಕಾರಿನ ಡಿಕ್ಕಿಯಲ್ಲೇ ಇದೆ. ಎರಡು ಸಲ ಕಸದ ತೊಟ್ಟಿಯ ತನಕ ಹೋಗಿ ವಾಪಸು ತಂದೆ. ಡಿಕ್ಕಿ ತೆಗೆದಾಗಲೆಲ್ಲ ಅವಳ ಪೌಡರಿನ ವಾಸನೆ ಬರುತ್ತದೆ, ಪಟ್ಟೆಂದು ಮುಚ್ಚುತ್ತೇನೆ.

ಮುಂದಿನ ಶನಿವಾರ ಬರಲೇ? ಚೀಲ, ಕನ್ನಡಿ ಎಲ್ಲ ತರುತ್ತೇನೆ. ನೀವು ಬೇಡವೆಂದರೆ ಬರುವುದಿಲ್ಲ.

ಗುಬ್ಬಿ

ಮೇ ೯

ಗುಬ್ಬಿಗೆ,

ಬೇಡವೆನ್ನಲು ನಾನು ಯಾರು, ನಿನ್ನಮ್ಮನ ಮನೆ. ಬಾ. ಬಂದರೆ ನಿನ್ನನ್ನು ಕ್ಷಮಿಸಿಬಿಟ್ಟೆ ಎಂದುಕೊಳ್ಳಬೇಡ, ಚಹಾ ಕೊಡುತ್ತೇನೆ, ಅಷ್ಟೇ.

ಚೀಲದಲ್ಲಿರುವುದನ್ನೆಲ್ಲ ಈಗ ನಿಜವಾಗಿ ಎಸೆ. ಡಿಕ್ಕಿಯ ಬಿಸಿಲಿಗೆ ಬೆಂದ ಕ್ರೀಮು, ಹಳೇ ಬಣ್ಣ ಅವಳ ಚರ್ಮಕ್ಕೆ ಆಗದು. ಕಂದು ಬಾಚಣಿಗೆ ಒಂದನ್ನು ಸೋಪಿನಲ್ಲಿ ತೊಳೆದು ತಾ. ಕನ್ನಡಿ ತರಬೇಡ. ಅದರೊಳಗಿನ ಮುದುಕಿಯನ್ನು ಮನೆಯಿಂದ ಕಳಿಸು ಎಂದು ಅವಳು ನನ್ನ ಪ್ರಾಣ ತಿನ್ನುತ್ತಾಳೆ. ನಿನ್ನ ಸ್ವಂತ ಟ್ಯೂಬು, ಶೀಶೆ ಏನೇ ಇದ್ದರೂ ಬಾಗಿಲಲ್ಲೇ ನನ್ನ ಕೈಗೆ ಕೊಡಬೇಕು, ಬೀರುವಿನೊಳಗೆ ಹೋಗುತ್ತದೆ. ಸೇಫ್ಟಿ.

ಬೆಳಿಗ್ಗೆಯೇ ಬಾ, ಅವಳು ಮೇಜಿಗೆ ಕೂರುವ ಮುಂಚೆ. ಬಂದ ಕೂಡಲೇ "ಅಮ್ಮಾ, ನಾನು ಯಾರು ಹೇಳು" ಎಂದು ಪರೀಕ್ಷೆ ಮಾಡಬೇಡ. ಆ ನಂಬರು ಅವಳ ಹತ್ತಿರ ಇಲ್ಲ, ಹೇಳಿದೆನಲ್ಲ. ನನ್ನ ಸ್ಟೂಲು ನಿನಗೆ ಬಿಡುತ್ತೇನೆ. ಅವಳೆದುರು ಕೂತು, ನಾನು ಕೈಗೆ ಕೊಟ್ಟದ್ದನ್ನು ನಿನ್ನ ಮುಖಕ್ಕೆ ಹಚ್ಚಿಕೋ, ನಿಧಾನವಾಗಿ. ನಿನ್ನನ್ನು ನೋಡಿಕೊಂಡೇ ಅವಳು ಹಚ್ಚಿಕೊಳ್ಳುತ್ತಾಳೆ. ಆವತ್ತು ಕನ್ನಡಿಯೊಳಗಿಂದಲೂ ನಿನ್ನ ಕಡೆ ನೋಡಲಿಲ್ಲ ಎಂದು ನೀನು ಬರೆದಿದ್ದೆ. ಈಗ ಬೇರೆಲ್ಲೂ ನೋಡಲು ಅವಳಿಗೆ ಬರುವುದಿಲ್ಲ, ನಿನ್ನ ಮುಖವನ್ನೇ ನೋಡಬೇಕು.

ನಡುವೆ ನೀನೇನಾದರೂ ಮಾತಾಡಿದರೆ "ಒಂದು ನಿಮಿಷ" ಎನ್ನುತ್ತಾಳೆ. ಎದ್ದು ಹೋಗಬೇಡ. ತುಟಿ ಮುಗಿಯುವ ತನಕ ಕಾಯಿ. ಈ ಸಲ ನಿನ್ನ ಕೈಯೇನೂ ಮುರಿದಿಲ್ಲ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಚಿಕ್ಕಮ್ಮ